ಕಾರ್ ಆಡಿಯೊ: ಮೊದಲು ಕ್ರಾಸ್‌ಓವರ್, ಆಮೇಲೆ ಡಿಲೇ

ದುಬಾರಿ ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಪೆಟ್ಟಿಗೆ) ಹಾಕಿಸಿದ ಮೇಲೂ ಗಾಯಕರ ದನಿ ಬಲಬದಿಯ ಬಾಗಿಲಿನಿಂದಲೇ ಬರುತ್ತಿದೆಯೇ? ಬಾಸ್ ಮಾತ್ರ ಹಿಂದೆ ಡಿಕ್ಕಿಯಲ್ಲೇ ಗುಡುಗುತ್ತಿದೆಯೇ? ಸ್ಪೀಕರ್ ಬದಲಿಸಬೇಡಿ. ಬಹಳಷ್ಟು ಜನ ಮೊದಲು ಡಿಲೇ (ಒಂದೊಂದು ಸ್ಪೀಕರ್‌ನ ಸದ್ದನ್ನು ತುಸು ತಡ ಮಾಡುವುದು) ಕೂರಿಸಿ, ಆಮೇಲೆ ಕ್ರಾಸ್‌ಓವರ್ (ಯಾವ ಸ್ಪೀಕರ್‌ಗೆ ಯಾವ ಸ್ವರ ಹೋಗಬೇಕೆಂದು ಹಂಚುವ ಫಿಲ್ಟರ್) ತಿರುಗಿಸುತ್ತಾರೆ. ಫಿಲ್ಟರ್ ಬದಲಾದರೆ ಫೇಸ್ (ಸದ್ದಿನ ಅಲೆಗಳ ಏರಿಳಿತದ ಹೊಂದಿಕೆ) ಬದಲಾಗುತ್ತದೆ, ಹಿಂದಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

1. ಸ್ಟೀರಿಯೊದ ಈಕ್ವಲೈಜರ್, ಲೌಡ್‌ನೆಸ್ ಆಫ್ ಮಾಡಿ. ಆಂಪ್‌ನ (ಆಂಪ್ಲಿಫೈಯರ್) ಫಿಲ್ಟರ್ ಸ್ವಿಚ್ 'ಫುಲ್'ನಲ್ಲಿರಲಿ. ಆಂಪ್‌ನಲ್ಲೂ 80, ಡಿಎಸ್‌ಪಿಯಲ್ಲೂ 80 ಹರ್ಟ್ಜ್ ಇಟ್ಟರೆ ಎರಡು ಫಿಲ್ಟರ್ ಸೇರಿ ಅಲ್ಲೊಂದು ಗುಂಡಿ ಬೀಳುತ್ತದೆ.

2. ಡಿಎಸ್‌ಪಿಯಲ್ಲಿ ಸಬ್‌ವೂಫರ್‌ಗೆ (ಬಾಸ್ ಸ್ಪೀಕರ್, ಚಿಕ್ಕದಾಗಿ ಸಬ್) 80 ಹರ್ಟ್ಜ್ ಲೋ-ಪಾಸ್ (ಅದಕ್ಕಿಂತ ಕೆಳಗಿನದನ್ನಷ್ಟೇ ಬಿಡುವುದು), ಬಾಗಿಲ ಸ್ಪೀಕರ್‌ಗೆ 80 ಹೈ-ಪಾಸ್ (ಮೇಲಿನದನ್ನಷ್ಟೇ ಬಿಡುವುದು), ಬಾಗಿಲು–ಟ್ವೀಟರ್ (ಕೀರಲು ಸ್ವರದ ಚಿಕ್ಕ ಸ್ಪೀಕರ್) ನಡುವೆ 3,000 ಹರ್ಟ್ಜ್. ಎಲ್ಲಕ್ಕೂ 24 ಡೆಸಿಬೆಲ್ ಇಳಿಜಾರಿನ ಲಿಂಕ್‌ವಿಟ್ಜ್-ರೈಲಿ ಎಂಬ ಫಿಲ್ಟರ್ ಬಗೆಯನ್ನೇ ಆರಿಸಿ. ಇದರಲ್ಲಿ ಎರಡೂ ಕಡೆಯ ಸದ್ದು ಒಂದೇ ಫೇಸಿನಲ್ಲಿ ಸೇರುತ್ತದೆ. 12 ಡೆಸಿಬೆಲ್ ಆದರೆ ಒಂದು ಸ್ಪೀಕರ್‌ನ ಪೊಲಾರಿಟಿ (ಪ್ಲಸ್–ಮೈನಸ್) ತಿರುಗಿಸಬೇಕು. ಟ್ವೀಟರ್‌ಗೆ ನೇರ ಆಂಪ್ ಚಾನೆಲ್ ಕೊಟ್ಟಿದ್ದರೆ 47 ಮೈಕ್ರೊಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಸರಣಿಯಲ್ಲಿ ಹಾಕಿ. ಆ್ಯಪ್‌ನಲ್ಲಿ ಬೆರಳು ಜಾರಿ ಫಿಲ್ಟರ್ ಆಫ್ ಆದರೂ ಟ್ವೀಟರ್‌ನ ಕಾಯಿಲ್ ಸುಡುವ ಸಾಧ್ಯತೆ ಕಡಿಮೆ. ಸ್ಪೀಕರ್ ಸೆಟ್ ಜತೆ ಬರುವ ಪ್ಯಾಸಿವ್ ಕ್ರಾಸ್‌ಓವರ್ ಡಬ್ಬಿ ಇದ್ದರೆ ಬಾಗಿಲು, ಟ್ವೀಟರ್‌ಗೆ ಬೇರೆ ಬೇರೆ ಡಿಲೇ ಕೊಡಲಾಗದು. ಚಾನೆಲ್ ಸಾಲುವಂತಿದ್ದರೆ ಕಿತ್ತು ಹಾಕಿ.

3. ಸೀಟನ್ನು ಓಡಿಸುವ ಜಾಗಕ್ಕೇ ಇಟ್ಟು, ಮೂಗಿನ ತುದಿಯಿಂದ ಪ್ರತಿ ಸ್ಪೀಕರ್‌ವರೆಗೆ ಟೇಪು ಹಿಡಿಯಿರಿ. ಸದ್ದು ಮಿಲಿಸೆಕೆಂಡಿಗೆ ಸುಮಾರು 34.4 ಸೆಂ.ಮೀ. ಸಾಗುತ್ತದೆ. ಎಲ್ಲಕ್ಕಿಂತ ದೂರದ್ದಕ್ಕೆ ಸೊನ್ನೆ, ಹತ್ತಿರವಿದ್ದದ್ದು ಕಾಯಬೇಕು. ಇದನ್ನೇ ಉಲ್ಟಾ ಮಾಡುವವರು ಲೆಕ್ಕವಿಲ್ಲದಷ್ಟು. ಸಬ್ 180, ಎಡ ಬಾಗಿಲು 130, ಬಲ ಬಾಗಿಲು 85 ಸೆಂ.ಮೀ. ಇದ್ದರೆ: ಎಡಕ್ಕೆ 50 ÷ 34.4 = 1.45, ಬಲಕ್ಕೆ 95 ÷ 34.4 = 2.76 ಮಿಲಿಸೆಕೆಂಡ್. ಟ್ವೀಟರ್‌ಗಳಿಗೂ ಇದೇ ಲೆಕ್ಕ. ಕೆಲವು ಸ್ಟೀರಿಯೊಗಳು ದೂರವನ್ನೇ ಕೇಳುತ್ತವೆ. ಅಲ್ಲಿ ಅಳತೆ ಇದ್ದಂತೆ ತುಂಬಿ, ಕಳೆಯುವ ಕೆಲಸ ಅದರದ್ದು.

ಒಂದೇ ದನಿಯ ಮೋನೊ ರೆಕಾರ್ಡಿಂಗ್ ಹಾಕಿ. ದನಿ ಡ್ಯಾಶ್‌ಬೋರ್ಡ್ ನಡುವೆ ನಿಲ್ಲಬೇಕು. ಬಲಕ್ಕೆ ಎಳೆದರೆ ಮೊದಲು ಬಲದ ಸದ್ದು ಒಂದೆರಡು ಡೆಸಿಬೆಲ್ ಇಳಿಸಿ, ಆಮೇಲೆ ಡಿಲೇ ಮುಟ್ಟಿ.

4. ಎಡವುವುದು ಸಬ್‌ನಲ್ಲಿ. ಲೋ-ಪಾಸ್ ಫಿಲ್ಟರ್ ತಾನೇ ಹಲವು ಮಿಲಿಸೆಕೆಂಡ್ ತಡ ಮಾಡುವುದರಿಂದ ಟೇಪಿನ ಅಳತೆ ಇಲ್ಲಿ ಸಾಲದು. ಟ್ವೀಟರ್ ಮ್ಯೂಟ್ ಮಾಡಿ, 80 ಹರ್ಟ್ಜ್ ಟೋನ್ ಹಾಕಿ. ಸಬ್ ಒಂದೇ, ಬಾಗಿಲು ಒಂದೇ ನುಡಿಸಿ ಎರಡರ ಸದ್ದು ಸಮ ಮಾಡಿ. ಈಗ ಎರಡನ್ನೂ ಒಟ್ಟಿಗೆ ನುಡಿಸಿ, ಸಬ್‌ನ ಪೊಲಾರಿಟಿಯನ್ನು 180ಕ್ಕೆ ತಿರುಗಿಸಿ. ಸಬ್ ಸೊನ್ನೆಯಲ್ಲೇ ಇರಲಿ. ಮುಂಬದಿಯ (ಬಾಗಿಲು, ಟ್ವೀಟರ್) ಎಲ್ಲ ಚಾನೆಲ್‌ಗಳಿಗೂ ಒಂದೇ ಪ್ರಮಾಣದಲ್ಲಿ, 0.25 ಮಿಲಿಸೆಕೆಂಡಿನಂತೆ ಡಿಲೇ ಏರಿಸುತ್ತ ಹೋಗಿ. ಒಂದು ಕಡೆ ಟೋನ್ ಹೆಚ್ಚುಕಡಿಮೆ ಸತ್ತೇ ಹೋಗುತ್ತದೆ. ಅಲ್ಲಿ ನಿಲ್ಲಿಸಿ ಪೊಲಾರಿಟಿ ಮರಳಿ ಸೊನ್ನೆಗೆ ತಂದರೆ ಬಾಸ್ ಡ್ಯಾಶ್‌ಬೋರ್ಡ್‌ಗೆ ಬಂದು ಕೂರುತ್ತದೆ. ಮೊದಲು ಸಿಕ್ಕ ಬಿಂದುವನ್ನೇ ಹಿಡಿಯಿರಿ. 80 ಹರ್ಟ್ಜ್‌ಗೆ 12.5 ಮಿಲಿಸೆಕೆಂಡಿಗೊಮ್ಮೆ ಅಂಥದೇ ಬಿಂದು ಮತ್ತೆ ಬರುತ್ತದೆ. ಅದನ್ನು ಹಿಡಿದರೆ ಟೋನ್ ಸರಿ ಕೇಳಿದರೂ ಡ್ರಮ್ಮಿನ ಪೆಟ್ಟು ಎರಡಾಗಿ ಒಡೆಯುತ್ತದೆ.

ಆಟೊ-ಟ್ಯೂನ್ ಮೈಕ್ ನಂಬಿ ಈ ಹಂತ ಬಿಡಬೇಡಿ; ಸಬ್‌ನ ಲೆಕ್ಕ ಅದು ತಪ್ಪುವುದೇ ಹೆಚ್ಚು. ಈಕ್ವಲೈಜರ್‌ಗೆ ಕೈ ಹಾಕುವುದು ಇದಾದ ಮೇಲೆ. ಈ ಟ್ಯೂನ್ ಡ್ರೈವರ್ ಸೀಟಿಗೆ ಮಾತ್ರ. ಮನೆಯವರೆಲ್ಲ ಕೂತು ಹೊರಟಾಗ ಬಳಸಲು ಎಡ–ಬಲಕ್ಕೆ ಸಮ ಡಿಲೇ ಇರುವ ಇನ್ನೊಂದು ಪ್ರೀಸೆಟ್ ಉಳಿಸಿಡಿ.