ಗೋಡೆಯಿಂದ ಇಳಿಸಿ ತಂದ ಅಜ್ಜಿ

ನನ್ನ ಮೊದಲ ಪ್ರದರ್ಶನಕ್ಕೆ 14 ಚಿತ್ರ ಬೇಕಿತ್ತು. ಕೈಯಲ್ಲಿದ್ದದ್ದು 8. ಒಳ್ಳೆಯವೆಲ್ಲ ಆರ್ಡರ್ ಮೇಲೆ ಬರೆದುಕೊಟ್ಟವು, ಅಂದರೆ ಬೇರೆಯವರ ಗೋಡೆ ಮೇಲಿದ್ದವು. ನಾಲ್ಕನ್ನು ಎರವಲು ತರೋದು, ಹೊಸ ಆರ್ಡರ್ ಎರಡನ್ನು ಅಷ್ಟರೊಳಗೆ ಮುಗಿಸೋದು ಅಂತ ಲೆಕ್ಕ ಹಾಕಿದೆ.

ಮೊದಲು ಬೆಳಗಾವಿಯ ವಡಗಾವಿಯಲ್ಲಿರುವ ಒಂದು ಮನೆಗೆ ಹೋದೆ. ಆ ಮನೆಯ ಅಜ್ಜಿ ಇಳಕಲ್ ಸೀರೆ ಉಟ್ಟು ಕೂತ ಚಿತ್ರ, ಮೂರು ವರ್ಷದ ಹಿಂದಿನದು. ಆಹ್ವಾನ ಪತ್ರಿಕೆ ಮೇಲೂ ಅದನ್ನೇ ಹಾಕುವ ಆಸೆ. "ಒಯ್ಯರಿ, ಆದ್ರ ಪತ್ರಿಕಿ ಮ್ಯಾಲ ಅವ್ವನ ಚಿತ್ರ ಬ್ಯಾಡ" ಅಂದರು ಮಗ. ಬರೆದದ್ದು ನಾನಲ್ವಾ ಅಂತ ವಾದಕ್ಕಿಳಿದೆ. ಆಮೇಲೆ ವಕೀಲ ಗೆಳೆಯನೊಬ್ಬ ಕಣ್ಣು ತೆರೆಸಿದ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು ಬರೆಸಿದವರದ್ದೇ, ಬೇರೆ ಕರಾರು ಇಲ್ಲದಿದ್ದರೆ. ನಮ್ಮ ನಡುವೆ ಆಗಿದ್ದ ಮಾತು ಬರೀ ರೇಟಿನದ್ದು, ಅದೂ ಫೋನಿನಲ್ಲಿ. ಸುಮ್ನೆ ಹೋಗಿ ತಪ್ಪಾಯಿತು ಅಂದೆ. ಈಗ ಅಡ್ವಾನ್ಸ್ ತಗೊಳ್ಳುವಾಗಲೇ ಎರಡು ಸಾಲು ಬರೆಸಿಕೊಳ್ಳುತ್ತೇನೆ.

ಆ ಚಿತ್ರ ದೇವರ ಮನೆ ಎದುರಿಗೆ ತೂಗುತ್ತಿತ್ತು. ಮೂರು ವರ್ಷದ ಊದಿನಕಡ್ಡಿ ಹೊಗೆಯೆಲ್ಲ ಅದರ ಮೇಲೆ. ಕೆಂಪು ಸೆರಗಿನ ಬಿಳಿ ಟೋಪ್ ತೆನಿ, ಅಂದರೆ ಸೆರಗಿನಲ್ಲಿ ನೇಯ್ದ ವಿನ್ಯಾಸ, ಚಹಾದ ಬಣ್ಣಕ್ಕೆ ತಿರುಗಿತ್ತು. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆ. ಹತ್ತಿಕಡ್ಡಿಯನ್ನು ನಾಲಿಗೆಗೆ ತಾಗಿಸಿ, ಮೊದಲು ಮೂಲೆಯಲ್ಲಿ ಉಜ್ಜಿ ನೋಡಿದೆ. ಬಣ್ಣ ಹತ್ತಿಗೆ ಬರಲಿಲ್ಲ. ಆಮೇಲೆ ಇಂಚಿಂಚು ಒರೆಸುತ್ತಾ ಹೋದೆ. ಹೌದು, ಉಗುಳೇ. ಹಳೇ ಚಿತ್ರ ಸರಿಮಾಡುವ ಪರಿಣತರೂ ಇದನ್ನು ಬಳಸುತ್ತಾರೆ, ಉಗುಳಿನ ಎಂಜೈಮ್ ಕೊಳೆ ಬಿಡಿಸುತ್ತೆ. ಅರವತ್ತು ಕಡ್ಡಿ ಕಪ್ಪಾದ ಮೇಲೆ ತೆನಿ ಬೆಳ್ಳಗಾಯಿತು.

ಕೈಕೊಟ್ಟದ್ದು ಹೊಸ ಚಿತ್ರ, ಕಿತ್ತೂರು ಕೋಟೆಯದ್ದು. ಆಗ ಜುಲೈ. ಬೆಳಗಾವಿ ಮಳೆಯಲ್ಲಿ ಹಾಸಿಗೆ ಕೂಡ ಹಸಿ ಹಸಿ. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಬೇಕು. ಥಂಡಿ ಇದ್ದರೆ ಅದು ಇನ್ನೂ ನಿಧಾನ. ಸಾಲದ್ದಕ್ಕೆ ರಾತ್ರಿ ಆಕಾಶಕ್ಕೆ ಐವರಿ ಬ್ಲ್ಯಾಕ್ ದಪ್ಪಗೆ ಬಳಿದಿದ್ದೆ. ಬೇಗ ಒಣಗದ ಬಣ್ಣ ಅದು. ಬೆರಳಿಗೆ ಅಂಟಲಿಲ್ಲ ಅಂತ ಬಬಲ್ ರ‍್ಯಾಪ್ ಸುತ್ತಿ, ಆಟೋದಲ್ಲಿ ಫೋಟೋ ತೆಗೆಸಲು ಒಯ್ದೆ. ಬಿಚ್ಚಿ ನೋಡಿದರೆ ಆಕಾಶದ ತುಂಬ ಗುಳ್ಳೆ ಗುರುತು, ಸಿಡುಬು ಎದ್ದ ಹಾಗೆ!

ಉಳಿದದ್ದು 12 ದಿನ. ಆಕಾಶವನ್ನಷ್ಟೇ ಕೆರೆದು ತೆಗೆದೆ. ಈ ಸಲ ಬರ್ನ್ಟ್ ಅಂಬರ್ ಅನ್ನೋ ಕಡು ಕಂದು ಬಣ್ಣಕ್ಕೆ ನೀಲಿ ಬೆರೆಸಿ ಕಪ್ಪು ಮಾಡಿ ತೆಳ್ಳಗೆ ಹಚ್ಚಿದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುತ್ತೆ, ಬೇಗ ಒಣಗುತ್ತೆ. ನಾಲ್ಕನೇ ದಿನಕ್ಕೆ ಮುಟ್ಟುವಂತಾಯಿತು. ನಿಜ ಹೇಳಬೇಕಂದ್ರೆ ಮೊದಲಿನ ಕಪ್ಪಿಗಿಂತ ಇದೇ ಚೆನ್ನಾಗಿತ್ತು. ವಾರ್ನಿಶ್ ಹಚ್ಚಲಿಲ್ಲ, ಅದಕ್ಕೆ ಆರು ತಿಂಗಳಾದರೂ ಕಾಯಬೇಕು. ಪ್ಯಾಕ್ ಮಾಡುವಾಗ ಮೊದಲು ಬಟರ್ ಪೇಪರ್, ಅದರ ಮೇಲೆ ಬಬಲ್ ರ‍್ಯಾಪ್, ಅದೂ ಗುಳ್ಳೆ ಹೊರಗೆ ಮಾಡಿ.

ಪ್ರದರ್ಶನದ ಎರಡನೇ ದಿನ ಅಜ್ಜಿಯನ್ನು ಕರೆದುಕೊಂಡು ಬಂದರು. ತಮ್ಮ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತರು. ಮುಖ ನೋಡಲೇ ಇಲ್ಲ. "ಸೆರಗು ಎಷ್ಟ ಬೆಳ್ಳಗಾಗೇತಿ! ಏನ್ ಹಾಕಿ ತೊಳಿದಿ?" ಅಂದರು.

ನಾನು ಹೇಳಲಿಲ್ಲ.