ಕಚೇರಿಗೆ ಅರ್ಜಿ ಕನ್ನಡದಲ್ಲೇ ಕೊಡಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ಇದನ್ನು ಓದಲೇಬೇಕು. ವಿಲೇಜ್ ಆಫೀಸಿಗೋ ತಾಲೂಕು ಕಚೇರಿಗೋ ಅರ್ಜಿ ಕೊಡುವಾಗ ಮಲಯಾಳ ಬರೆಯುವವರನ್ನು ಹುಡುಕಿಕೊಂಡು ಅಲೆಯಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಅಷ್ಟೇ ಅಲ್ಲ, ಉತ್ತರವೂ ಕನ್ನಡದಲ್ಲೇ ಬರಬೇಕು. ತಿರುವನಂತಪುರದ ಸೆಕ್ರೆಟೇರಿಯಟ್‌ಗೆ ಬರೆದರೂ ಹೀಗೆಯೇ. ಇಷ್ಟು ದೊಡ್ಡ ಹಕ್ಕನ್ನು ನಾವು ಸುಮ್ನೆ ಬಿಟ್ಟುಕೊಡುವುದು ಸರಿಯಲ್ಲ, ಅಲ್ವಾ?

ಹಾಗಾಗಿ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿ: "1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ." ಈ ಸಾಲು ಬಿಡಲೇಬೇಡಿ. ಕೇಳದಿದ್ದರೆ ಮಲಯಾಳದ ಕಾಗದ ಕೈಗೆ ಬರುವ ಸಾಧ್ಯತೆಯೇ ಜಾಸ್ತಿ. ಭಾಷೆ ಸರಳವಾಗಿರಲಿ. ಏನು ಬೇಕು ಅನ್ನುವುದು ಮೊದಲ ಎರಡು ಸಾಲಿನಲ್ಲೇ ಬರಲಿ, ಹಿಂದಿನ ಕಥೆಯೆಲ್ಲ ಆಮೇಲೆ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ.

ಬರೆದದ್ದನ್ನು ಯಾರಿಗಾದರೂ ತೋರಿಸಬೇಕಿದ್ದರೆ ವಾಟ್ಸಾಪ್‌ನಲ್ಲಿ ಫೋಟೊ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ, ಅಕ್ಷರ ಮಸುಕಾಗುವುದಿಲ್ಲ. ಗುಂಪಿಗೆ ಹಾಕುವುದಾದರೆ ಆಧಾರ್ ಮತ್ತು ಫೋನ್ ನಂಬರ್ ಮರೆಮಾಡಿ. ಮನೆಯ ಹಿರಿಯರಿಗೆ ಬರೆಯಲು ಕಷ್ಟವಾದರೆ ಇಲ್ಲಿ ಹೇಳಿ, ನಾವು ಬರೆದುಕೊಡುತ್ತೇವೆ.