ಮಷಿನ್‌ನಲ್ಲಿ ಕೌದಿ: ಪದರ ಜಾರದ ಹಾಗೆ ಹೊಲಿಯುವುದು

ಹೊಸಬರ ಕೌದಿ ಸುಕ್ಕಾದರೆ ಕೈ ಕುದುರಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಮಷಿನ್‌ನಲ್ಲಿದೆ: ಕೆಳಗಿನ ಹಲ್ಲು ಅಡಿಬಟ್ಟೆಯನ್ನು ಎಳೆದುಕೊಳ್ಳುತ್ತದೆ, ಮೇಲಿನ ಪಾದ ಮೇಲ್ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಪದರ ಹೆಚ್ಚಿದಷ್ಟೂ ಜಾರಾಟ ಹೆಚ್ಚು.

ನಮ್ಮ ದಾವಣಗೆರೆ ಚಳಿಗೆ ನಾಲ್ಕು ಪದರ ಸಾಕು. ಕಾಲ್ಮಷಿನ್ ತಾಳಿಕೊಳ್ಳುವುದೂ ಅಷ್ಟೇ. 45 ಇಂಚು ಪನ್ನದ (ಅಗಲದ) ಎರಡು ಹಳೇ ಹತ್ತಿ ಸೀರೆಯಲ್ಲಿ 87 ಇಂಚು ಉದ್ದದ ಮೂರು ಪದರ ಬರುತ್ತವೆ. ಮಿಕ್ಕಿದ್ದಕ್ಕೆ ಟೈಲರ್ ಅಂಗಡಿಯ ಹತ್ತಿ ಚೂರು ಸೇರಿಸಿ ಮೇಲಿನ ಪದರದ ತುಂಡುಗಳನ್ನು ಕತ್ತರಿಸುತ್ತೇನೆ. ಹೊಸ ಬಟ್ಟೆ ಇದ್ದರೆ ಮೊದಲೇ ಒಗೆದು ಒಣಗಿಸಬೇಕು, ಇಲ್ಲವಾದರೆ ಆಮೇಲೆ ಅದೊಂದೇ ಕುಗ್ಗುತ್ತದೆ. ಮೊಳಕಾಲ್ಮೂರು ಸೀರೆಯ ಸೆರಗು ಹಾಕುವ ಆಸೆ ಬರುತ್ತದೆ. ಸವೆದ ರೇಷ್ಮೆ ಸೂಜಿ ಹೋದ ಗೆರೆಯಲ್ಲೇ ಸೀಳುತ್ತದೆ, ಬೇಡ.

ತುಂಡು ಆರೂವರೆ ಇಂಚು ಚೌಕ; ಹೊಲಿದ ಮೇಲೆ ಆರು ಇಂಚು. ಅಡ್ಡಕ್ಕೆ 7, ಉದ್ದಕ್ಕೆ 14, ಒಟ್ಟು 98. ಇಲ್ಲಿ ಕಾಲು ಇಂಚಿನ ಅಂಚು ತಪ್ಪಲೇಬಾರದು. ಪ್ರತಿ ಜೋಡಣೆಯಲ್ಲಿ ಎರಡೂ ಕಡೆ ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಹಿಡಿದರೂ ಏಳು ತುಂಡಿನ ಸಾಲು ಮುಕ್ಕಾಲು ಇಂಚು ಗಿಡ್ಡವಾಗುತ್ತದೆ. ಪರೀಕ್ಷೆ ಹೀಗೆ: ಎರಡೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ ಇಸ್ತ್ರಿ ಮಾಡಿ, ನಡುವಿನದು ಸರಿಯಾಗಿ ಎರಡು ಇಂಚು ಇರಬೇಕು. ಸರಿಬಂದ ಜಾಗಕ್ಕೆ ಸೂಜಿಯ ಬಲಗಡೆ ತಗಡಿನ ಮೇಲೆ ಟೇಪ್ ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿಕೊಂಡು ಹೋಗಿ. ಒಂದು ಸಾಲಿನ ಜೋಡಣೆಯನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಡಚಿ ಇಸ್ತ್ರಿ ಮಾಡಿದರೆ ಮೂಲೆಗಳು ತಾವಾಗಿ ಕೂಡುತ್ತವೆ.

ತುಂಡು ಜೋಡಿಸಲು 14ನೇ ನಂಬರ್ ಸೂಜಿ, ಇಂಚಿಗೆ ಹತ್ತು ಹೊಲಿಗೆ. ನಾಲ್ಕೂ ಪದರಕ್ಕೆ 16ನೇ ನಂಬರ್, ಇಂಚಿಗೆ ಎಂಟು.

ಈಗ ಪದರ ಕೂಡಿಸುವುದು. ಅಡಿಬಟ್ಟೆಯನ್ನು ನೆಲಕ್ಕೆ ಟೇಪ್ ಹಾಕಿ ಬಿಗಿಯಾಗಿ ಹಾಸಿ, ಉಳಿದವನ್ನು ಮೇಲೆ ಹರಡಿ, ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್. ಇಲ್ಲಿ ಪಿನ್ ಕಡಿಮೆ ಹಾಕಿದರೆ ಆಮೇಲೆ ಹೊಲಿಗೆ ಬಿಚ್ಚುವ ಕೆಲಸ. ಪಾದದ ಕಂಬಿಯ ಮೇಲ್ತುದಿಯಲ್ಲಿರುವ ತಿರುಪನ್ನು ಸ್ವಲ್ಪ ಸಡಿಲಿಸಿ, ಒತ್ತಡ ತಗ್ಗುತ್ತದೆ. ವಾಕಿಂಗ್ ಫುಟ್ ಸಿಕ್ಕರೆ ಇನ್ನೂ ಒಳ್ಳೆಯದು, ಮೇಲ್ಬಟ್ಟೆಯನ್ನೂ ಅದು ಸಾಗಿಸುತ್ತದೆ. ಮೊದಲ ಗೆರೆ ನಟ್ಟನಡುವೆ, ಅಲ್ಲಿಂದ ಬಲ ಅಂಚಿನವರೆಗೆ. ಸುತ್ತಿದ ಸುರುಳಿ ಮಷಿನ್‌ನ ತೋಳಿನಡಿ ಇರಲಿ. ಆಮೇಲೆ ಕೌದಿ ತಿರುಗಿಸಿ ಉಳಿದರ್ಧ. ಒಂದು ಅರ್ಧದ ಗೆರೆಗಳೆಲ್ಲ ಒಂದೇ ತುದಿಯಿಂದ ಶುರುವಾಗಬೇಕು, ಹೋಗಿಬಂದು ಮಾಡಿದರೆ ಓರೆ ಸುಕ್ಕು ಬೀಳುತ್ತದೆ. ಎಡಕ್ಕೆ ಒಂದು ಬೆಂಚು ಇಟ್ಟುಕೊಳ್ಳಿ. ಕೌದಿ ನೆಲಕ್ಕೆ ಜೋತರೆ ಆ ಭಾರಕ್ಕೆ ಸೂಜಿ ಬಾಗಿ ಮುರಿಯುತ್ತದೆ.

ಅಡಿಯಲ್ಲಿ ದಾರ ಗುಂಜುಕಟ್ಟಿದರೆ ಬಾಬಿನ್ ಬಿಚ್ಚಬೇಡಿ. ಹೆಚ್ಚಾಗಿ ಮೇಲಿನ ದಾರ ಅದನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಪಾದ ಎತ್ತಿ ಮತ್ತೆ ದಾರ ಹಾಕಿ. ಹೊಲಿಗೆ ಬಿಟ್ಟುಬಿಟ್ಟು ಬಿದ್ದರೆ ಸೂಜಿ ಬದಲಿಸಿ.

ಕೊನೆಗೆ ನಡುವಿನ ಎರಡು ಪದರವನ್ನಷ್ಟೇ ಮೇಲ್ಬಟ್ಟೆಯ ಮಟ್ಟಕ್ಕೆ ಕತ್ತರಿಸಿ. ಸುತ್ತಲೂ ಉಳಿದ ಒಂದೂಕಾಲು ಇಂಚು ಅಡಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೇಲಕ್ಕೆ ತಂದು, ಮೂಲೆಯನ್ನು ಮೊದಲು ಮಡಚಿ ಹೊಲಿಯಿರಿ.